ಮೊಹರು ಬಿದ್ದ ಸೂರ್ಯಕಾಂತಿ ದಂಟು

ಕಾಲೇಜುಗಳ ತಪಾಸಣೆಯ ಹೊಣೆ ಹೊತ್ತ ಮಾನ್ಯರೇ,

ಹೋದ ವಾರ ತಾವು ಯಲ್ಲಾಪುರದ ನಮ್ಮ ಕಾಲೇಜಿಗೆ ದಯಮಾಡಿಸಿ, ಜೀವಶಾಸ್ತ್ರದ ಪ್ರಯೋಗಾಲಯದಲ್ಲಿದ್ದ ಸೂರ್ಯಕಾಂತಿ ದಂಟಿನ ಮಾದರಿಯನ್ನು ಉಗ್ರಾಣಕ್ಕೆ ಹಾಕಿಸಿ, ಬೀಗ ಜಡಿದು ಮೊಹರು ಒತ್ತಿ ಹೋದಿರಿ. ಬರುವ ಸೋಮವಾರ ಪ್ರಾಯೋಗಿಕ ಪರೀಕ್ಷೆ. ದಯವಿಟ್ಟು ಆ ಬಾಗಿಲು ತೆರೆಸಿ.

"ಇದು ಪ್ರಯೋಗಾಲಯವೋ ಗುಜರಿ ಅಂಗಡಿಯೋ?" ಎಂದು ಕೇಳಿದಿರಿ. ಗುಜರಿಯೇ ಸ್ವಾಮಿ, ಮುಚ್ಚಿಡುವುದೇನಿದೆ? ನನ್ನ ಅಪ್ಪ ಇಸಾಕ್ ಲಾರಿ ಮೆಕ್ಯಾನಿಕ್. ದಂಟಿನ ಹೊರಸಿಪ್ಪೆಗೆ ಹಳೇ ಟ್ಯೂಬಿನ ರಬ್ಬರು, ನಡುವಿನ ತಿರುಳಿಗೆ ಡ್ರೈವರ್ ಸೀಟಿನ ಸ್ಪಂಜು, ನೀರು ಏರುವ ನಾಳಕ್ಕೆ ದಪ್ಪ ಬ್ರೇಕ್ ಪೈಪು, ಆಹಾರ ಸಾಗುವ ನಾಳಕ್ಕೆ ಸಪೂರ ಡೀಸೆಲ್ ಪೈಪು. ಮೊದಲ ಸಲ ನೀರಿನ ಪೈಪನ್ನು ಹೊರಗಡೆ ಕೂರಿಸಿಬಿಟ್ಟಿದ್ದರು. ಹೊರಗಿದ್ದರೆ ರಿಪೇರಿಗೆ ಕೈ ಎಟುಕುತ್ತದೆ ಎಂಬುದು ಅವರ ನ್ಯಾಯ. ಗಿಡವನ್ನು ಯಾರೂ ಗ್ಯಾರೇಜಿಗೆ ತರುವುದಿಲ್ಲ ಎಂದು ಹೇಳಿ ಬಿಚ್ಚಿಸಿದೆ.

ಇಲಾಖೆ ಕೊಟ್ಟ ಮಾದರಿಯನ್ನೇ ಬಳಸಬೇಕಂತೆ. ಅದೂ ಇದೆ, ಗಾಜಿನ ಪೆಟ್ಟಿಗೆಯೊಳಗೆ, 'ಮುಟ್ಟಬಾರದು' ಎಂಬ ಚೀಟಿಯೊಡನೆ. ಕಣ್ಣಿದ್ದವರು ನೋಡಿ ಕಲಿಯುತ್ತಾರೆ. ನಂದೊಳ್ಳಿಯಿಂದ ಬರುವ ದಿವ್ಯಾ ಏನು ಮಾಡಬೇಕು? ಅವಳಿಗೆ ಹುಟ್ಟಿನಿಂದಲೇ ಕಣ್ಣು ಕಾಣದು. ಅಪ್ಪನ ದಂಟಿನೊಳಗೆ ಮೊದಲ ದಿನ ಬೆರಳಾಡಿಸಿದವಳೇ, "ನೀರಿಂದು ಒಳಗೆ, ಊಟದ್ದು ಹೊರಗೆ, ಅಲ್ದಾ ಮೇಡಂ? ಇಷ್ಟಕ್ಕೆ ಇವ್ರೆಲ್ಲ ಎಂತಕ್ಕೆ ಹೆದರ್ತಾರೆ?" ಎಂದಳು. ಇಡೀ ತರಗತಿ ನಕ್ಕಿತು. ನನಗೆ ಅಳು ಬಂತು.

ಪರೀಕ್ಷೆಯಲ್ಲಿ ಚಿತ್ರ ಬಿಡಿಸುವ ಬದಲು ಮಾದರಿ ಮುಟ್ಟಿ ವಿವರಿಸಲು ಅವಳಿಗೆ ಅನುಮತಿ ಕೊಟ್ಟ ಪತ್ರದಲ್ಲಿರುವುದು ತಮ್ಮದೇ ಸಹಿ. ಮುಟ್ಟು ಎಂದು ಬರೆದ ಕೈಯೇ ಮುಟ್ಟುವ ವಸ್ತುವಿಗೆ ಬೀಗ ಹಾಕಿದರೆ ಆ ಹುಡುಗಿ ಯಾರಲ್ಲಿ ಮೊರೆಯಿಡಬೇಕು? ನಾಲ್ಕು ಸಲ ಫೋನು ಮಾಡಿದೆ, ಸಾಹೇಬರು ಮೀಟಿಂಗಿನಲ್ಲಿದ್ದರು. ತಮ್ಮ ಕಚೇರಿಯ ಬೆಂಚಿನ ಮೇಲೆ ಸಂಜೆಯವರೆಗೆ ಕೂತೆ. ಉಗ್ರಾಣದ ಸಾಮಾನು ಒಯ್ಯಲು ಶನಿವಾರ ಗುಜರಿಯವನ ಗಾಡಿ ಬರುತ್ತದೆ ಎಂಬುದಷ್ಟೇ ತಿಳಿಯಿತು. "ಗುಜರಿಗೆ ಹೋಗೋದು ಕಾಲೇಜಿಗೆ ಹೋಯ್ತು ಅಂತ ಖುಷಿಪಟ್ಟಿದ್ದೆ ಬೇಟಿ" ಎಂದರು ಅಪ್ಪ.

ನಿನ್ನೆ ದಿವ್ಯಾ ಕೇಳಿದಳು: "ಮೇಡಂ, ನಮ್ಮ ದಂಟು ಎಲ್ಲಿಟ್ರಿ?"

ಧೂಳು ಒರೆಸಲು ಮನೆಗೆ ಒಯ್ದಿದ್ದೇನೆ ಎಂದುಬಿಟ್ಟೆ.

"ಪೈಪು ಮಾತ್ರ ಬಿಚ್ಬೇಡಿ. ನನ್ನ ಬೆರಳಿಗೆ ಬಾಯಿಪಾಠ ಆಗಿದೆ."

ನನಗೆ ಬೇರೆ ದಾರಿ ಉಳಿದಿಲ್ಲ ಸ್ವಾಮಿ. ಶನಿವಾರದ ಗಾಡಿ ಬರುವ ಮುಂಚೆ ಬೀಗ ತೆಗೆಸಿ. ಧೂಳು ನಾನೇ ಒರೆಸುತ್ತೇನೆ.

ಇಂತಿ,
ಕಣ್ಣಿಲ್ಲದ ಹುಡುಗಿಯ ಮುಖ ನೋಡಿ ಸುಳ್ಳು ಹೇಳಿದ ಅತಿಥಿ ಉಪನ್ಯಾಸಕಿ
ನಿಲೋಫರ್, ಯಲ್ಲಾಪುರ