ತುಳಸವ್ವ ನುಂಗಿದ ಗುಳಿಗೆ

ಹುಬ್ಬಳ್ಳಿ
ಎರಡು ಸಾವಿರದ ನೂರ ಮೂವತ್ತೊಂಬತ್ತು, ಹದಿಮೂರನೆಯ ತಿಂಗಳು, ನಾಲ್ಕನೆಯ ದಿನ

ಮುತ್ತಜ್ಜಿ ತುಳಸವ್ವನವರಿಗೆ,

ಹದಿಮೂರನೆಯ ತಿಂಗಳೆಂದರೆ ಗಾಬರಿಯಾಗಬೇಡಿ. ಬಿಸಿಲು ವಿಪರೀತವಾದ ಮೇಲೆ ಕೆಲಸ ನಿಲ್ಲಿಸಿ ಒಳಗೆ ಕೂರಲೆಂದು ನಾವು ಸೇರಿಸಿಕೊಂಡ ತಿಂಗಳದು. ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಕ್ಷಮೆ ಕೇಳುವುದು ಇಷ್ಟಕ್ಕೆ ಮಾತ್ರ, ಉಳಿದದ್ದಕ್ಕೆ ಕೇಳಬೇಕಾದವರು ನೀವು.

ಈ ಪತ್ರ ಹಿನ್ನಂಚೆಯಲ್ಲಿ ಬರುತ್ತಿದೆ. ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಈ ಅಂಚೆ ನಮಗೆ ಜನ್ಮಕ್ಕೊಂದೇ ಸಲ ಸಿಗುತ್ತದೆ. ತೀರಿಹೋದ ತಾಯಿಗೋ ಗಂಡನಿಗೋ ನಾಲ್ಕು ಪ್ರೀತಿಯ ಮಾತು ಬರೆಯಲು ಜನ ಅದನ್ನು ಕಾದಿಟ್ಟುಕೊಳ್ಳುತ್ತಾರೆ. ನಾನು ನಿಮ್ಮ ಜೊತೆ ಜಗಳವಾಡಲು ಖರ್ಚು ಮಾಡುತ್ತಿದ್ದೇನೆ.

ನಮ್ಮಲ್ಲೀಗ ಮನೆಗೊಂದು ಅಡುಗೆಮನೆಯಿಲ್ಲ, ಓಣಿಗೊಂದು ಒಲೆ. ಬೆಳಿಗ್ಗೆ ಆರಕ್ಕೆಲ್ಲ ಮುನ್ನೂರು ಜನರ ರೊಟ್ಟಿ ಬಡಿಯಲು ಕೂರುತ್ತೇವೆ. ಹುಣ್ಣು ತರುವ ಆ ರೋಗಾಣು ಹೊಟ್ಟೆಯಲ್ಲಿರುವವರು ಒಲೆಯ ಮುಂದೆ ಕೂರುವಂತಿಲ್ಲ. ಅದಕ್ಕಾಗಿ ವರ್ಷಕ್ಕೊಮ್ಮೆ ಎಲ್ಲರ 'ರಕ್ತಸುಳಿವು' ನೋಡುತ್ತಾರೆ. ಜಠರದ ಒಳಪದರ ರಕ್ತಕ್ಕೆ ಬಿಡುವ ಪೆಪ್ಸಿನೋಜೆನ್ ಎರಡು ಬಗೆಯದು. ರೋಗಾಣುವಿನಿಂದ ಪದರ ಊದಿಕೊಂಡರೆ ಎರಡನೆಯದು ಏರುತ್ತದೆ, ವರ್ಷಗಟ್ಟಲೆ ಊದಿ ಸವೆದುಹೋದರೆ ಮೊದಲನೆಯದು ಇಳಿಯುತ್ತದೆ. ಸವೆದ ಹೊಟ್ಟೆಯಲ್ಲಿ ಕ್ಯಾನ್ಸರ್ ಬೇರುಬಿಡಬಹುದು. ಈ ಪರೀಕ್ಷೆಯಿಂದ ವಿನಾಯಿತಿ ಇರುವುದು ತಿಳಿಮನೆಯವರಿಗೆ ಮಾತ್ರ. ತಿಳಿಮನೆಯೆಂದರೆ ಹಿರಿಯಜ್ಜಿಯ ಪರೀಕ್ಷೆ ಶುದ್ಧವಾಗಿ ಬಂದಿದ್ದ ವಂಶ. ರೋಗಾಣು ಹೆಚ್ಚಾಗಿ ತಾಯಿಯಿಂದ ಮಕ್ಕಳಿಗೆ ದಾಟುತ್ತದೆಂದು ಯಾರೋ ಮಾಡಿಟ್ಟ ಮೂರ್ಖ ನಿಯಮವದು. ನಮ್ಮದು ತಿಳಿಮನೆ. ಬಾಗಿಲ ಮೇಲೆ ನಿಮ್ಮ ಹೆಸರು ಕೆತ್ತಿದೆ, ನನಗೂ ಅದೇ ಹೆಸರಿಟ್ಟರು. ಅದನ್ನು ಹೇಳಿಕೊಂಡು ಓಣಿಯೆಲ್ಲ ಮೆರೆದವಳು ನಾನು.

ನನ್ನ ತಂಗಿ ನೀಲಾಂಬಿಕೆಗೆ ಮೂರು ವರ್ಷದಿಂದ ಹೊಟ್ಟೆಯುಬ್ಬರ. ತಿಳಿಮನೆಯವಳಿಗೆ ಏನಾಗುತ್ತದೆಂದು ಜೀರಿಗೆ ಕಷಾಯ ಕುಡಿಸಿದೆವು. ಕೊನೆಗೆ ರಕ್ತ ನೋಡಿದಾಗ ಮೊದಲ ಬಗೆಯ ಪೆಪ್ಸಿನೋಜೆನ್ ಹೆಚ್ಚುಕಡಿಮೆ ಇರಲೇ ಇಲ್ಲ, ಕ್ಯಾನ್ಸರ್ ಆಗಲೇ ಬೇರುಬಿಟ್ಟಿತ್ತು. ಮೂವತ್ತನಾಲ್ಕನೆಯ ವಯಸ್ಸಿಗೆ ಹೋಗಿಬಿಟ್ಟಳು.

ಆಮೇಲೆ ನಿಮ್ಮ ಹಳೆಯ ಫೋನಿನ ಧ್ವನಿಗಳನ್ನು ಹುಡುಕಿಸಿ ಕೇಳಿದೆ. ಹಾಸ್ಟೆಲಿನಲ್ಲಿ ಅಡುಗೆಗಿದ್ದ ನಿಮಗೆ ಮಾಲೀಕರು, ಉಸಿರಿನಲ್ಲೇ ಆ ರೋಗಾಣುವನ್ನು ಪತ್ತೆಹಚ್ಚುವ ಊದುವ ಪರೀಕ್ಷೆ ಮಾಡಿಸಿಕೊಂಡು ಬಾ ಎಂದಿದ್ದರು. ಹೊಟ್ಟೆಯುರಿ ತಗ್ಗಿಸುವ ಗುಳಿಗೆ ನುಂಗಿದರೆ ರೋಗಾಣು ಪರೀಕ್ಷೆಗೆ ಸಿಗದೆ ಅಡಗಿಕೊಳ್ಳುತ್ತದೆ, ಊದುವ ಮುಂಚೆ ಹದಿನೈದು ದಿನ ಅದನ್ನು ಮುಟ್ಟಬೇಡ ಎಂದು ಡಾಕ್ಟರು ಹೇಳಿದ್ದರು. ನೀವು ನಿಮ್ಮ ಅಕ್ಕನಿಗೆ ನಗುತ್ತಾ ಹೇಳಿದ್ದು ಹೀಗೆ: "ಬ್ಯಾಡಂದಿದ್ದ ಗುಳಿಗಿನ ದಿನಾ ಎರಡೆರಡು ನುಂಗೇನಿ ನೋಡವಾ. ಊದಿದೆ, ಏನೂ ಬರಲಿಲ್ಲ. ಇನ್ನ ನನ್ನ ಕೆಲಸ ಯಾರ ಬಿಡಸ್ತಾರ?"

ಆ ನಗು ನನ್ನ ಕಿವಿಯಿಂದ ಹೋಗುತ್ತಿಲ್ಲ. ಕೆಲಸ ಹೋದರೆ ಮನೆ ಹೇಗೆ ನಡೆಯಬೇಕೆಂಬ ಭಯ ನಿಮಗಿತ್ತು, ಗೊತ್ತು. ಆದರೆ ಎರಡು ವಾರದ ಔಷಧಿಗೆ ಹೋಗುವ ರೋಗವಾಗಿತ್ತಲ್ಲ ಅದು! ಮಾಲೀಕರ ಕಣ್ಣಿಗೆ ಮಣ್ಣೆರಚಿದೆ ಎಂದುಕೊಂಡಿರಿ. ಅದು ಬಿದ್ದದ್ದು ನೀಲಾಳ ಮೇಲೆ.

ಮನೆಯವರನ್ನೆಲ್ಲ ಪರೀಕ್ಷೆಗೆ ಕರೆದೆ. ಬಾಗಿಲ ಮೇಲಿನ ಹೆಸರು ಹೋಗುತ್ತದೆ, ಒಲೆಯ ಹಕ್ಕೂ ಹೋಗುತ್ತದೆ ಎಂದು ಎಲ್ಲರೂ ಮುಖ ತಿರುಗಿಸಿದರು. ನಾನೊಬ್ಬಳೇ ಊದಲು ಹೆಸರು ಕೊಟ್ಟೆ. ಮೊನ್ನೆ ದೊಡ್ಡವ್ವ ಹೋಳಿಗೆ ಕಳಿಸಿದರು. ಡಬ್ಬಿಯ ತಳದಲ್ಲಿ ಕಾಗದದಲ್ಲಿ ಸುತ್ತಿದ ಎರಡು ಗುಳಿಗೆಗಳಿದ್ದವು. ಜೊತೆಗೆ ಚೀಟಿಯೇನೂ ಇರಲಿಲ್ಲ.

ನೀವು ಊದಿದ ಮರುವಾರ ಈ ಪತ್ರ ನಿಮ್ಮ ಕೈ ಸೇರುತ್ತದಂತೆ. ಆಗ ನನ್ನ ಅಜ್ಜಿ ನಿಮ್ಮ ತೊಡೆಯ ಮೇಲಿನ ಐದು ತಿಂಗಳ ಕೂಸು. ಇನ್ನು ಕೆಲವು ದಿನಕ್ಕೆ ನೀವು ಅನ್ನ ಅಗಿದು ಅವಳ ಬಾಯಿಗಿಡುತ್ತೀರಿ. ಇಡಬೇಡಿ. ಗುಳಿಗೆ ಬಿಡಿ, ಹದಿನೈದು ದಿನ ಉರಿ ತಡೆದುಕೊಳ್ಳಿ, ಮತ್ತೆ ಊದಿ, ಔಷಧಿ ತೆಗೆದುಕೊಳ್ಳಿ. ಹಾಗಾದರೆ ನನ್ನ ನೀಲಾ ಉಳಿದಾಳು.

ಊದುವುದಕ್ಕೆಂದು ಉರಿಯ ಗುಳಿಗೆ ಬಿಟ್ಟು ನನಗಿದು ಹದಿನಾಲ್ಕನೆಯ ದಿನ. ಎದೆಯವರೆಗೂ ಉರಿಯುತ್ತಿದೆ. ದೊಡ್ಡವ್ವನ ಗುಳಿಗೆಗಳು ಇಲ್ಲೇ ಕಿಟಕಿಯಲ್ಲಿವೆ, ನುಂಗಿಲ್ಲ. ನೀಲಾಳ ಮಗಳು ನನ್ನ ತಟ್ಟೆಯಲ್ಲೇ ಉಣ್ಣುತ್ತೇನೆಂದು ದಿನವೂ ಹಟ ಮಾಡುತ್ತಾಳೆ, ನಾನು ಬಿಡುತ್ತಿಲ್ಲ. ಯಾಕೆಂದು ಇವತ್ತು ಅಳುತ್ತಾ ಕೇಳಿದಳು. ನಿಮ್ಮ ಹೆಸರು ಹೇಳಿದೆ.

ನಿಮ್ಮದೇ ಹೆಸರಿನವಳು,
ತುಳಸವ್ವ