ಮೀನಿನ ತೊಟ್ಟಿಗೆ ಮಾತ್ರ ಕರೆಂಟಿತ್ತು

ನೋಯ್ಡಾ, ಅಕ್ಟೋಬರ್ 2007

ವಿದ್ಯುತ್ ಉಳಿಸಲು ಪಣ ತೊಟ್ಟಿರುವ ಮಾನ್ಯ ಆಡಳಿತಾಧಿಕಾರಿಗಳೇ,

ಈ ದಸರಾ ರಜೆಯಲ್ಲಿ ನಿಮ್ಮ ಸಂಶೋಧನಾ ಸಂಸ್ಥೆ ನನ್ನ ಕ್ಯಾನ್ಸರ್ ಗೆಡ್ಡೆಯನ್ನು ಹಾಳುಮಾಡಿತು. ನಗಬೇಡಿ. ಕತ್ತರಿಸಿ ತೆಗೆಸಿದ್ದಕ್ಕೆ ಯಾರಾದರೂ ಮರುಗುತ್ತಾರೆಯೇ ಎಂದು ನನ್ನ ಮಗಳೂ ಕೇಳಿದಳು. ನಾನು ಮರುಗುತ್ತಿಲ್ಲ, ಸಿಟ್ಟಿನಿಂದ ಕುದಿಯುತ್ತಿದ್ದೇನೆ.

ಕಳೆದ ವರ್ಷ ದೆಹಲಿಯ ಆಸ್ಪತ್ರೆಯೊಂದರಲ್ಲಿ ನನಗೂ ಪಕ್ಕದ ಹಾಸಿಗೆಯ ಸೋಮಶೇಖರರಿಗೂ ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯಾಯಿತು. ನಿಮ್ಮಲ್ಲಿ ಪಿಎಚ್‌.ಡಿ. ಮಾಡುತ್ತಿರುವ ದಾವಣಗೆರೆಯ ಧಾರಿಣಿ ಬಂದು, ತೆಗೆದ ಗೆಡ್ಡೆಯ ಚೂರನ್ನು ಸಂಶೋಧನೆಗೆ ಕೇಳಿದಳು. “ಕೆಲವರದ್ದು ಇದ್ದಲ್ಲೇ ಇರತ್ತೆ ಅಂಕಲ್, ಕೆಲವರದ್ದು ಮೂಳೆಗೆ ಹೋಗತ್ತೆ. ಒಳಗೆ ಯಾವ ಜೀನ್ ಜೋರಾಗಿ ಕೆಲ್ಸ ಮಾಡ್ತಿದೆ, ಯಾವುದು ಸುಮ್ನಿದೆ ಅಂತ ಹೋಲಿಸಿ ನೋಡಿದ್ರೆ, ಹರಡೋದನ್ನ ಮುಂಚೇನೇ ಹೇಳೋಕಾಗ್ಬಹುದು” ಎಂದಳು. ಇಬ್ಬರೂ ಒಪ್ಪಿದೆವು. ನನ್ನ ರೋಗ ಈವರೆಗೆ ಎಲ್ಲಿಗೂ ಹರಡಿಲ್ಲ. ಸೋಮಶೇಖರರದು ಬೆನ್ನುಮೂಳೆಗೆ ಇಳಿಯಿತು. ಹೋಳಿಯ ಹೊತ್ತಿಗೆ ಅವರು ತೀರಿಕೊಂಡರು.

ನಿಮ್ಮ ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿಸಿಟ್ಟ ಆ ಚೂರುಗಳು ಕರಗಿದರೆ ಜೀನ್‌ಗಳ ಕೆಲಸದ ಗುರುತೇ ಅಳಿಸಿಹೋಗುತ್ತದೆ. ಇದು ನನ್ನಂಥ ನಿವೃತ್ತ ಗುಮಾಸ್ತನಿಗೆ ಅರ್ಥವಾಗಿದೆ. ನಿಮ್ಮಲ್ಲಿ ಮಾತ್ರ ದೀರ್ಘ ರಜೆಗೆ ಮುನ್ನ ಕಟ್ಟಡದ ಮೇನ್ ಸ್ವಿಚ್ ಆರಿಸುವ ವಾಡಿಕೆ. ಫ್ರೀಜರ್‌ಗೆ ವಿನಾಯಿತಿ ಕೊಡಿ ಎಂದು ಧಾರಿಣಿ ಬೇಡಿಕೊಂಡಾಗ “ಅಚ್ಛಾ, ದೇಖ್ತೇ ಹೈಂ” ಎಂದಿರಂತೆ. ನೋಡಿದ್ದು ಏನನ್ನು? ನಿಮ್ಮ ಕೊಠಡಿಯ ಮೀನಿನ ತೊಟ್ಟಿಗೆ ಪ್ರತ್ಯೇಕ ಲೈನ್ ಇದೆ. ಫ್ರೀಜರ್ ಆರಿ ಚೂರುಗಳೆಲ್ಲ ಕರಗಿದ ಆ ದಸರೆಯುದ್ದಕ್ಕೂ ಅಲ್ಲಿ ಗುಳ್ಳೆಗಳು ಏಳುತ್ತಲೇ ಇದ್ದವು. ಮೀನುಗಳ ಮೇಲೆ ನನಗೆ ಹಗೆಯಿಲ್ಲ, ಪಾಪ, ಬದುಕಲಿ. ಅದೇ ತಂತಿಯನ್ನು ಎರಡು ಕೋಣೆ ಆಚೆಗೆ ಎಳೆಯಲು ಎಷ್ಟು ಸಮಿತಿಗಳು ಕೂರಬೇಕಿತ್ತು? ಈಗ ಹೊಸ ಚೂರು ತಂದುಕೋ ಎಂದು ಆ ಹುಡುಗಿಗೆ ಅಪ್ಪಣೆ ಕೊಟ್ಟಿದ್ದೀರಿ. ಸೋಮಶೇಖರರದನ್ನು ಎಲ್ಲಿಂದ ತರಬೇಕು, ಯಮುನೆಗೆ ಬಿಟ್ಟ ಬೂದಿಯಿಂದಲೇ?

ಲಕ್ಷ್ಮೀ ನಗರದಲ್ಲಿರುವ ಅವರ ಹೆಂಡತಿ ಇಂದಿರಮ್ಮ ಫೋನ್ ಮಾಡಿದಾಗಲೆಲ್ಲ ಕೇಳುತ್ತಾರೆ: “ನಮ್ಮನೆಯವರದ್ರಿಂದ ಏನಾದ್ರೂ ತಿಳೀತೇನ್ರೀ? ಅವರು ಪಟ್ಟ ಪಾಡು ಇನ್ನೊಬ್ಬರಿಗೆ ತಪ್ಪಿದ್ರೆ ಸಾಕು.” ಮೊನ್ನೆಯೂ ಕೇಳಿದರು. ಇನ್ನೂ ಸಮಯ ಬೇಕಂತೆ ಎಂದು ಸುಳ್ಳು ಹೇಳಿ ಫೋನಿಟ್ಟೆ. ನಿಮ್ಮ ಪರವಾಗಿ ಸುಳ್ಳು ಹೇಳಿದ್ದಕ್ಕೆ ನನಗೆ ಹೇಸಿಗೆಯಾಗುತ್ತಿದೆ.

ದೀಪಾವಳಿ ರಜೆಗೆ ಮೊದಲು ಆ ಫ್ರೀಜರ್‌ಗೆ ಪ್ರತ್ಯೇಕ ಲೈನ್ ಹಾಕಿಸಿ. ಆಮೇಲೆ ಒಂದು ದಿನ ಇಂದಿರಮ್ಮನವರ ಮನೆಗೆ ಬನ್ನಿ, ದಾರಿ ನಾನು ತೋರಿಸುತ್ತೇನೆ. ಅವರ ಎದುರು ಕೂತು, ಅವರ ಗಂಡ ಬಿಟ್ಟುಹೋದ ಆ ಚೂರು ಏನಾಯಿತೆಂದು ನಿಮ್ಮ ಬಾಯಿಂದಲೇ ಹೇಳಿ.

ಇಂತಿ,
ಮೀನಾಗಿ ಹುಟ್ಟದೆ ತಪ್ಪು ಮಾಡಿದ
ಬಸವಲಿಂಗಪ್ಪ