ಮಾರನೆಯ ದಿನವೇ ನಿಲ್ಲಿಸುತ್ತಾರೆ

ಅಣ್ಣನಿಗೆ ತಂಗಿಯ ನಮಸ್ಕಾರ.

ದೇವರ ದಯೆಯಿಂದ ನನ್ನ ಮಂಡಿ ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಈ ದೊಡ್ಡ ಆಸ್ಪತ್ರೆಯ ಪದ್ಧತಿಯೇ ಬೇರೆ. ಪಕ್ಕದ ಮಂಚದಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ಸೊಂಟದ ಮೂಳೆ ಮುರಿದು ನಿನ್ನೆ ಆಪರೇಷನ್ ಆಯಿತು. ಇವತ್ತು ಬೆಳಿಗ್ಗೆಯೇ ವ್ಯಾಯಾಮ ಮಾಡಿಸುವ ಹುಡುಗಿ ಬಂದು ಅವರನ್ನು ಎಬ್ಬಿಸಿ ನಿಲ್ಲಿಸಿಬಿಟ್ಟಳು! "ಸೊಂಟ ಮುರಿದವಳನ್ನ ಕುಣಿಸ್ತೀಯೇನೇ?" ಎಂದು ಅಜ್ಜಿ ಬೈದರೆ, "ಕುಣಿಯೋದು ನಾಳೆ ಅಜ್ಜಿ, ಇವತ್ತು ಬರೀ ನಿಂತ್ಕೊಳ್ಳಿ" ಎಂದಳು.

ಇಷ್ಟು ಬೇಗ ನಿಲ್ಲಿಸಬಹುದೇ ಎಂದು ಡಾಕ್ಟರನ್ನು ಕೇಳಿದೆ. "ನೂರಾರು ಜನರನ್ನ ವರ್ಷಗಟ್ಟಲೆ ಗಮನಿಸಿ ನೋಡಿದ್ದೀವಮ್ಮ. ಬೇಗ ಎದ್ದು ನಿಂತವರು ಬೇಗ ಚೇತರಿಸ್ಕೊಳ್ತಾರೆ. ಮಲಗೇ ಇದ್ರೆ ಎದೇಲಿ ಕಫ ಕಟ್ಟುತ್ತೆ" ಎಂದರು.

ಅಮ್ಮನಿಗೂ ಕಫವೇ ಅಲ್ಲವೇ ಕಟ್ಟಿದ್ದು? ಸೊಂಟದ ಆಪರೇಷನ್ ಮುಗಿಸಿ ಮನೆಗೆ ಕರೆತಂದಾಗ ನೀನು ಅವಳ ಕಂಕುಳಿಗೆ ಕೈಕೊಟ್ಟು ನಿಲ್ಲಿಸಲು ಹೋದೆ. "ಹೆತ್ತವಳನ್ನ ಕೊಲ್ತೀಯಾ?" ಎಂದು ನಾನು ಎಲ್ಲರೆದುರು ಕೂಗಾಡಿ ನಿನ್ನನ್ನು ಹೊರಗೆ ಕಳಿಸಿದೆ. ಒಂದೂವರೆ ತಿಂಗಳು, ಅವಳು ಕಣ್ಣು ಮುಚ್ಚುವವರೆಗೂ, ಪಾದ ನೆಲಕ್ಕೆ ತಾಗಲು ಬಿಡಲಿಲ್ಲ. ಅದನ್ನೇ ಸೇವೆ ಎಂದುಕೊಂಡಿದ್ದೆ. ದೇವರ ಮುಂದೆ ತಪ್ಪೊಪ್ಪಿಕೊಂಡಿದ್ದೇನೆ, ಆದರೆ ಆ ಮಾತು ಅಂದದ್ದು ನಿನಗೆ. ತಪ್ಪಾಯಿತು ಅಣ್ಣ.

ನನ್ನ ಕಾಲಿನ ಊತ ಇಳಿದಿದೆ, ಊಟ ಸೇರುತ್ತಿದೆ, ಅತ್ತಿಗೆಗೆ ಹೇಳು. ಕಾರ್ಡಿನಲ್ಲಿ ಜಾಗ ಮುಗಿಯುತ್ತಾ ಬಂತು. ಒಂದು ವಿಷಯ ನಿನಗೆ ಇದುವರೆಗೂ ಹೇಳಿಲ್ಲ. ಅವತ್ತು ನೀನು ಹೊರಗೆ ಹೋದ ಮೇಲೆ ಅಮ್ಮ, "ಅವನನ್ನ ಕರಿಯೇ, ನಿಲ್ತೀನಿ" ಎಂದಿದ್ದಳು. ನಾನು ಕರೆಯಲಿಲ್ಲ.

ನಿನ್ನ ತಂಗಿ